‘ಅಪ್’ ಪದವನ್ನು ಕನ್ನಡದಲ್ಲಿ ಹಿಡಿಯುವ ಕ್ರಮ: ನನ್ನ ಅನುಭವ

ಇಂಗ್ಲಿಷಿನ ‘ಅಪ್’ (up) ಪದಕ್ಕೆ ನಿಘಂಟು ತೆರೆದರೆ ಮೊದಲು ಸಿಗುವ ಅರ್ಥ ‘ಮೇಲೆ’. ನಮ್ಮ ಮುಂದಿರುವ ವಾಕ್ಯದಲ್ಲೋ ಮೇಲೂ ಇರುವುದಿಲ್ಲ, ಕೆಳಗೂ ಇರುವುದಿಲ್ಲ. ‘ಡ್ರಿಂಕ್ ಅಪ್ ಯುವರ್ ಮಿಲ್ಕ್’ ಎಂದಾಗ ಹಾಲು ಇಳಿಯುವುದು ಕೆಳಕ್ಕೇ. ‘ಟೈಮ್ ಈಸ್ ಅಪ್’ ಎಂದಾಗ ಸಮಯ ಎಲ್ಲಿಗೂ ಏರಿರುವುದಿಲ್ಲ, ಮುಗಿದಿರುತ್ತದೆ. ಅನುವಾದ ಮಾಡುವಾಗಲೂ ಇಂಗ್ಲಿಷ್ ಕಲಿಸುವಾಗಲೂ ಈ ಪದ ಎದುರಾದ ಕಡೆಯಲ್ಲೆಲ್ಲ ನಾನು ಅದರ ಅರ್ಥವನ್ನು ಹುಡುಕಲು ಹೋಗುವುದಿಲ್ಲ. ಆ ವಾಕ್ಯದಲ್ಲಿ ಅದು ಯಾವ ಕೆಲಸ ಮಾಡುತ್ತಿದೆ ಎಂದು ನೋಡುತ್ತೇನೆ. ಅದಕ್ಕೆ ನಾಲ್ಕು ಪರೀಕ್ಷೆಗಳಿವೆ. ಕರ್ಮವನ್ನು ಜರುಗಿಸುವುದು, ‘ಅಪ್’ ಅನ್ನು ತೆಗೆದು ನೋಡುವುದು, ಕನ್ನಡದ ಬಾಲಕ್ರಿಯೆಯನ್ನು (ಕ್ರಿಯಾಪದಕ್ಕೆ ಅಂಟುವ ಬಿಡು, ಹಾಕು ಥರದ ಸಣ್ಣ ಪದವನ್ನು) ಕೇಳುವುದು, ವಿರುದ್ಧಪದ ಹುಡುಕುವುದು. ಈ ಅನುಕ್ರಮವನ್ನು ತಪ್ಪಿಸಬಾರದು. ಮೊದಲನೆಯದು ವ್ಯಾಕರಣವನ್ನು ತೀರ್ಮಾನಿಸುತ್ತದೆ. ಅದು ಗಟ್ಟಿಯಾಗದೆ ಅರ್ಥಕ್ಕೆ ಕೈಹಾಕಿದರೆ ಮುಂದಿನದೆಲ್ಲ ಊಹೆಯಾಗುತ್ತದೆ.

ಜರುಗಿಸುವ ಪರೀಕ್ಷೆಗೆ ಹಳೆಯ ಜೋಡಿಯೊಂದಿದೆ. ‘ಹಿ ರ‍್ಯಾನ್ ಅಪ್ ದ ಹಿಲ್’, ‘ಹಿ ರ‍್ಯಾನ್ ಅಪ್ ಎ ಬಿಲ್’. ಬರೆದಾಗ ಎರಡೂ ಒಂದೇ ಅಚ್ಚಿನವು. ‘ಅಪ್’ ಅನ್ನು ವಾಕ್ಯದ ಕೊನೆಗೆ ತಳ್ಳಿ ನೋಡಿ. ‘ಹಿ ರ‍್ಯಾನ್ ಎ ಬಿಲ್ ಅಪ್’ ಸರಿಯಾದ ಇಂಗ್ಲಿಷ್. ‘ಹಿ ರ‍್ಯಾನ್ ದ ಹಿಲ್ ಅಪ್’ ಎಂದು ಯಾರೂ ಹೇಳುವುದಿಲ್ಲ. ಗುಡ್ಡದ ವಾಕ್ಯದಲ್ಲಿ ‘ಅಪ್’ ಸೇರಿಕೊಂಡಿರುವುದು ಗುಡ್ಡದ ಜೊತೆ, ಅಲ್ಲಿ ಅದು ಪ್ರೆಪೊಸಿಷನ್. ಹಾಗಾಗಿ ‘ಗುಡ್ಡ ಹತ್ತಿ ಓಡಿದ’. ಬಿಲ್ಲಿನ ವಾಕ್ಯದಲ್ಲಿ ಅದು ಕ್ರಿಯಾಪದದ ಜೊತೆ ಸೇರಿ ಫ್ರೇಸಲ್ ವರ್ಬ್ ಆಗಿದೆ. ಹಾಗಾಗಿ ‘ಬಿಲ್ ಏರಿಸಿಕೊಂಡ’, ಅಂದರೆ ಸಾಲ ಬೆಳೆಸಿದ. ಓಟ ಅಲ್ಲಿ ಇಲ್ಲವೇ ಇಲ್ಲ.

ಕರ್ಮದ ಜಾಗದಲ್ಲಿ ಸರ್ವನಾಮ ಬಂದರೆ ಈ ವ್ಯತ್ಯಾಸ ನಿಯಮವೇ ಆಗಿಬಿಡುತ್ತದೆ. ಫ್ರೇಸಲ್ ವರ್ಬ್ ಆದರೆ ಸರ್ವನಾಮ ನಡುವೆ ಕೂರಲೇಬೇಕು: ‘ಪಿಕ್ ಇಟ್ ಅಪ್’, ‘ಲುಕ್ ಇಟ್ ಅಪ್’. ‘ಪಿಕ್ ಅಪ್ ಇಟ್’ ತಪ್ಪು. ಪ್ರೆಪೊಸಿಷನ್ ಆದರೆ ಸರ್ವನಾಮ ಕೊನೆಗೇ ಬರಬೇಕು: ‘ಕ್ಲೈಂಬ್ ಅಪ್ ಇಟ್’. ಕರ್ಮ ಉದ್ದವಾಗಿದ್ದರೆ, ಉದಾಹರಣೆಗೆ ‘ನಿನ್ನೆ ಬೀಳಿಸಿದ ಎಲ್ಲ ಕಾಗದಗಳನ್ನು’ ಎಂಬಷ್ಟು ಉದ್ದ, ‘ಅಪ್’ ಕ್ರಿಯಾಪದದ ಪಕ್ಕದಲ್ಲೇ ಇರುವುದು ಒಳ್ಳೆಯದು. ಕೊನೆಗೆ ತಳ್ಳಿದರೆ ವ್ಯಾಕರಣ ಕೆಡುವುದಿಲ್ಲ, ಆದರೆ ಓದುವವರು ಅಲ್ಲಿಗೆ ಬರುವ ಹೊತ್ತಿಗೆ ಕ್ರಿಯಾಪದವನ್ನೇ ಮರೆತಿರುತ್ತಾರೆ. ‘ಪುಟ್ ಅಪ್ ವಿತ್’, ‘ಕಮ್ ಅಪ್ ವಿತ್’, ‘ಲುಕ್ ಅಪ್ ಟು’ ಥರದ ಮೂರು ಪದಗಳ ಗುಂಪುಗಳನ್ನು ಮಾತ್ರ ಬಿಡಿಸಲು ಬರುವುದಿಲ್ಲ. ಸರ್ವನಾಮವೂ ಕೊನೆಗೇ ಹೋಗಬೇಕು.

ಗಟ್ಟಿಯಾಗಿ ಓದಿದರೆ ಕಿವಿಗೂ ಒಂದು ಸುಳಿವು ಸಿಗುತ್ತದೆ. ಫ್ರೇಸಲ್ ವರ್ಬ್‌ನಲ್ಲಿ ‘ಅಪ್’ ಮೇಲೆ ಒತ್ತು ಬೀಳುತ್ತದೆ. ಪ್ರೆಪೊಸಿಷನ್ ಆದಾಗ ಅದು ಸಾಮಾನ್ಯವಾಗಿ ಹಗುರಾಗಿ ಜಾರಿ ಒತ್ತು ಮುಂದಿನ ನಾಮಪದಕ್ಕೆ ಹೋಗುತ್ತದೆ. ಕನ್ನಡದವರು ಇಂಗ್ಲಿಷ್ ಮಾತಾಡುವಾಗ ಒತ್ತನ್ನು ಸಮವಾಗಿ ಹಂಚುವುದರಿಂದ ಈ ಸುಳಿವು ನಮಗೆ ತಾನಾಗಿ ದಕ್ಕುವುದಿಲ್ಲ, ಬೇಕೆಂದೇ ಅಭ್ಯಾಸ ಮಾಡಬೇಕು.

ಎರಡನೆಯ ಪರೀಕ್ಷೆ ಸುಲಭ. ‘ಅಪ್’ ತೆಗೆದುಹಾಕಿ ಓದಿ. ‘ಹರಿ ಅಪ್’ನಿಂದ ತೆಗೆದರೆ ‘ಹರಿ’, ಎರಡಕ್ಕೂ ‘ಬೇಗ’ ಎಂದೇ ಅರ್ಥ. ‘ಈಟ್ ಅಪ್’ನಿಂದ ತೆಗೆದರೆ ತಿನ್ನುವುದು ಉಳಿಯುತ್ತದೆ, ತಿಂದು ಮುಗಿಸುವುದು ಹೋಗುತ್ತದೆ. ‘ಗಿವ್ ಅಪ್’ನಿಂದ ತೆಗೆದರೆ ‘ಕೊಡು’ ಎಂಬ ಬೇರೆಯೇ ಪದ ಕೈಗೆ ಬರುತ್ತದೆ. ಮೊದಲ ಬಗೆಯದನ್ನು ಕನ್ನಡಕ್ಕೆ ತರುವಾಗ ‘ಅಪ್’ ಅನ್ನು ಬಿಟ್ಟುಬಿಡಬಹುದು, ಏನೂ ನಷ್ಟವಿಲ್ಲ. ಮೂರನೆಯ ಬಗೆಯದನ್ನು ಇಡಿಯಾಗಿ ಒಂದು ಪದವೆಂದೇ ಕಲಿಯಬೇಕು. ಬಿಡಿಸಿ ಅರ್ಥ ಹಚ್ಚಲು ಹೋಗುವುದು ದಂಡ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ, ಕ್ರಿಯಾಪದದ ಹಿಂದೆ ಸಣ್ಣ ಪದ ಸೇರಿಸಿ ಅರ್ಥ ಬದಲಿಸುವ ಈ ಪದ್ಧತಿ ಪರಭಾಷಿಕರಿಗೆ ಅತ್ಯಂತ ಕಷ್ಟದ್ದು ಎಂದು ಹೇಳಿದ್ದಾನೆ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದದ್ದು ಬಹಳ ತಡವಾಗಿ, 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್ ಅವರ ಬರಹದಿಂದ.

ಕನ್ನಡದವರಿಗೆ ನಿಜವಾದ ಅನುಕೂಲ ಇರುವುದು ನಡುವಿನ ಬಗೆಯಲ್ಲಿ, ‘ಈಟ್ ಅಪ್’ ಥರದ್ದರಲ್ಲಿ. ಇಂಗ್ಲಿಷ್ ವ್ಯಾಕರಣದ ಪಾಠಗಳು ಈ ಅನುಕೂಲವನ್ನು ಹೇಳಿಕೊಡುವುದೇ ಇಲ್ಲ. ಕ್ರಿಯಾಪದದ ಹಿಂದೆ ಒಂದು ಸಣ್ಣ ಪದ ಸೇರಿಸಿ ಕೆಲಸ ಮುಗಿಯಿತು, ಕೈಗೆ ಬಂತು, ಭದ್ರವಾಯಿತು, ಹಾಳಾಯಿತು ಎಂದು ಹೇಳುವ ಪದ್ಧತಿ ನಮ್ಮಲ್ಲೂ ಇದೆ. ಬಿಡು, ಹಾಕು, ಇಡು, ಕೊಳ್ಳು, ಹೋಗು. ಬಾಲಕ್ರಿಯೆ ಅಂತ ನಾನು ಕರೆಯುವುದು ಇವನ್ನೇ. ‘ಹರಿದುಹಾಕು’ ಎನ್ನುವಾಗ ಏನನ್ನೂ ಎಲ್ಲಿಗೂ ಹಾಕುವುದಿಲ್ಲ. ‘ಬತ್ತಿಹೋಯಿತು’ ಎನ್ನುವಾಗ ಕೆರೆ ಎಲ್ಲಿಗೂ ಹೋಗಿರುವುದಿಲ್ಲ. ‘ಅಪ್’ ತನ್ನ ಮೂಲ ಅರ್ಥ ಬಿಟ್ಟುಕೊಟ್ಟಿರುವುದೂ ಹೀಗೇ. ಆದ್ದರಿಂದ ‘ಅಪ್’ಗೆ ಸಮನಾದ ಪದ ಯಾವುದು ಎಂದು ಕೇಳುವುದಕ್ಕಿಂತ, ಈ ಕ್ರಿಯೆಗೆ ನಾವು ಯಾವ ಬಾಲ ಹಚ್ಚುತ್ತೇವೆ ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ.

ಬಾಲಗಳನ್ನು ಹಂಚಿಕೊಳ್ಳುವ ರೀತಿ ಹೀಗಿದೆ. ವಸ್ತುವಿಗೆ ಧಕ್ಕೆ, ಕಟ್ಟುಪಾಡು ಅಥವಾ ಬಚ್ಚಿಡುವಿಕೆ ಇದ್ದರೆ ‘ಹಾಕು’: ‘ಟೇರ್ ಅಪ್’ ಹರಿದುಹಾಕು, ‘ಟೈ ಅಪ್’ ಕಟ್ಟಿಹಾಕು, ‘ಲಾಕ್ ಅಪ್’ ಕೂಡಿಹಾಕು, ‘ಕವರ್ ಅಪ್’ ಮುಚ್ಚಿಹಾಕು. ಮುಂದಕ್ಕೆ ಉಳಿಸಿಕೊಳ್ಳುವುದಾದರೆ ‘ಇಡು’: ‘ಸೇವ್ ಅಪ್’ ಕೂಡಿಡು, ‘ಸ್ಟೋರ್ ಅಪ್’ ಸಂಗ್ರಹಿಸಿಡು. ಕೂಡಿಹಾಕು, ಕೂಡಿಡು ಎರಡರ ನಡುವೆ ನಾವು ಎಂದೂ ಗೊಂದಲ ಮಾಡಿಕೊಳ್ಳುವುದಿಲ್ಲವಷ್ಟೆ. ‘ಲಾಕ್ ಅಪ್’, ‘ಸೇವ್ ಅಪ್’ ಕೂಡ ಹಾಗೇ ಬೇರೆ ಬೇರೆ. ಕೆಲಸದ ಫಲ ಮಾಡಿದವನ ಕಡೆಗೆ ತಿರುಗಿದರೆ ‘ಕೊಳ್ಳು’: ‘ಪಿಕ್ ಅಪ್’ ಎತ್ತಿಕೊಳ್ಳು, ‘ಟೇಕ್ ಅಪ್’ ಕೈಗೆತ್ತಿಕೊಳ್ಳು, ‘ಓನ್ ಅಪ್’ ಒಪ್ಪಿಕೊಳ್ಳು. ಕರ್ಮವಿಲ್ಲದೆ ತಾನಾಗಿ ಆಗುವ ಬದಲಾವಣೆಗೆ ‘ಹೋಗು’: ‘ಡ್ರೈ ಅಪ್’ ಬತ್ತಿಹೋಗು, ‘ಬರ್ನ್ ಅಪ್’ ಸುಟ್ಟುಹೋಗು. ಒಂದೇ ‘ಬ್ರೇಕ್ ಅಪ್’ ಕರ್ಮ ಇದ್ದಾಗ ‘ಒಡೆದುಹಾಕು’, ಇಲ್ಲದಾಗ ‘ಒಡೆದುಹೋಗು’. ಇಂಗ್ಲಿಷ್ ಎರಡು ಕಡೆಯೂ ‘ಅಪ್’ ಒಂದರಲ್ಲೇ ಸುಧಾರಿಸುತ್ತದೆ, ನಾವು ಆಯ್ಕೆ ಮಾಡಬೇಕು. ಇವ್ಯಾವುದೂ ಹೊಂದದೆ ಬರೀ ‘ಮುಗಿಸು’ ಎಂಬ ಒತ್ತಾಯವಷ್ಟೇ ಇದ್ದರೆ ‘ಬಿಡು’: ‘ಡ್ರಿಂಕ್ ಅಪ್’ ಕುಡಿದುಬಿಡು.

‘ಹಾಕು’ ಬಳಸುವಾಗ ಕೈ ತಡೆಯಬೇಕು, ಅದರಲ್ಲಿ ತಾತ್ಸಾರದ ಅಥವಾ ಬಲಾತ್ಕಾರದ ಛಾಯೆ ಇದೆ. ‘ರ‍್ಯಾಪ್ ಅಪ್ ದ ಗಿಫ್ಟ್’ ಅನ್ನು ‘ಉಡುಗೊರೆಯನ್ನು ಸುತ್ತಿಹಾಕು’ ಎಂದು ಬರೆದರೆ ಉಡುಗೊರೆಯ ಗತಿ ಕೇಳುವುದೇ ಬೇಡ. ಅಲ್ಲಿ ‘ಸುತ್ತಿಕೊಡು’ ಅಥವಾ ‘ಸುತ್ತಿಡು’ ಬರಬೇಕು. ‘ಬಿಡು’ ಇನ್ನೊಂದು ರೀತಿಯಲ್ಲಿ ಅಪಾಯಕಾರಿ. ‘ಹೇಳಿಬಿಟ್ಟ’, ‘ಬಿದ್ದುಬಿಟ್ಟ’ ಎಂಬಲ್ಲಿ ಪಶ್ಚಾತ್ತಾಪವೋ ಹಠಾತ್ತಾಗಿ ಆದದ್ದೋ ಇದೆ. ‘ಅಪ್’ನಲ್ಲಿ ಅದೇನೂ ಇಲ್ಲ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ನೆರವಾಗುವ ಈ ಹೊಂದಾಣಿಕೆಯನ್ನು ತಿರುಗಿಸಿ, ‘ಬಿಡು’ ಕಂಡಲ್ಲೆಲ್ಲ ‘ಅಪ್’ ಹಚ್ಚಲು ಹೊರಟರೆ ‘ಫಾಲ್ ಅಪ್’ ಥರದ ವಿಚಿತ್ರಗಳು ಹುಟ್ಟುತ್ತವೆ.

ಮುಗಿಸುವ ‘ಅಪ್’ಗೆ ಮುಗಿಯುವಂಥ ವಸ್ತು ಬೇಕು. ‘ಡ್ರಿಂಕ್ ಅಪ್ ದ ಮಿಲ್ಕ್’ ಸರಿ, ಲೋಟದಲ್ಲಿರುವುದು ಇಷ್ಟೇ ಎಂದು ಗೊತ್ತಿದೆ. ‘ಐ ಡ್ರಿಂಕ್ ಅಪ್ ಮಿಲ್ಕ್ ಎವ್ರಿ ಡೇ’ ಕೆಡುತ್ತದೆ, ಏಕೆಂದರೆ ಹಾಲು ಎಂಬ ಪದಾರ್ಥಕ್ಕೆ ಕೊನೆಯಿಲ್ಲ. ಕಾಲದ ಪದ ಸೇರಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ‘ಈಟ್’ ಜೊತೆ ‘ಫಾರ್ ಆನ್ ಅವರ್’ ಒಗ್ಗುತ್ತದೆ, ‘ಈಟ್ ಅಪ್’ ಜೊತೆ ‘ಇನ್ ಆನ್ ಅವರ್’ ಬೇಕು. ಕನ್ನಡವೂ ಹಾಗೇ ನಡೆದುಕೊಳ್ಳುತ್ತದೆ. ‘ಒಂದು ಗಂಟೆ ಹೊತ್ತು ತಿಂದ’ ಎನ್ನುತ್ತೇವೆ, ‘ಒಂದು ಗಂಟೆಯಲ್ಲಿ ತಿಂದುಹಾಕಿದ’ ಎನ್ನುತ್ತೇವೆ. ‘ಒಂದು ಗಂಟೆ ಹೊತ್ತು ತಿಂದುಹಾಕಿದ’ ಎಂದರೆ ನಮ್ಮ ಕಿವಿಯೇ ಒಪ್ಪುವುದಿಲ್ಲ. ‘ಗ್ರೋ’ ಮತ್ತು ‘ಗ್ರೋ ಅಪ್’ ನಡುವಿನ ಗೆರೆಯೂ ಇದೇ. ಗಿಡ ಬೆಳೆಯುತ್ತಲೇ ಇರುತ್ತದೆ, ಅದಕ್ಕೆ ‘ಗ್ರೋ’ ಸಾಕು. ಮಗು ದೊಡ್ಡವನಾಗುವ ಒಂದು ಕೊನೆಗೆ ಬಂದು ಮುಟ್ಟುತ್ತದೆ, ಅದಕ್ಕೆ ‘ಗ್ರೋ ಅಪ್’.

ಹೊಂದಾಣಿಕೆ ಕೈಕೊಡುವ ಜಾಗ ನಿಷೇಧ. ‘ಶಿ ಡಿಡಂಟ್ ಈಟ್ ಅಪ್ ಹರ್ ಡಿನ್ನರ್’ ಎಂದರೆ ಸ್ವಲ್ಪ ತಿಂದು ಮಿಕ್ಕದ್ದು ಬಿಟ್ಟಳು ಎಂದು ಅರ್ಥ. ‘ತಿಂದುಬಿಡಲಿಲ್ಲ’ ಎಂದು ಕನ್ನಡದಲ್ಲಿ ಬರೆದರೆ ಬೇರೆಯೇ ದನಿ ಹೊರಡುತ್ತದೆ, ಯಾರೋ ತಿಂದುಬಿಟ್ಟಳೆಂದು ದೂರಿದ್ದಕ್ಕೆ ಕೊಟ್ಟ ಉತ್ತರದಂತೆ. ‘ತಿನ್ನಲಿಲ್ಲ’ ಎಂದರೂ ತಪ್ಪು, ಮುಟ್ಟಲೇ ಇಲ್ಲ ಎಂದಾಗುತ್ತದೆ. ಇಲ್ಲಿ ಬಾಲ ಕೈಬಿಟ್ಟು ‘ಪೂರ್ತಿ ತಿನ್ನಲಿಲ್ಲ’ ಎಂದು ಬಿಡಿಸಿ ಹೇಳುವುದೇ ದಾರಿ. ಮುಗಿಸುವ ‘ಅಪ್’ ಇರುವ ನಿಷೇಧ ವಾಕ್ಯ ಸಿಕ್ಕರೆ ‘ಪೂರ್ತಿ’ ಅಥವಾ ‘ಸಂಪೂರ್ಣ’ ಸೇರಿತೇ ಎಂದು ನಾನು ಎರಡನೇ ಓದಿನಲ್ಲಿ ಪ್ರತ್ಯೇಕವಾಗಿ ನೋಡುತ್ತೇನೆ. ಅನುವಾದಗಳಲ್ಲಿ ಸದ್ದಿಲ್ಲದೆ ಅರ್ಥ ತಪ್ಪುವ ಜಾಗ ಇದು.

ಇನ್ನು ‘ಈಸ್ ಅಪ್’. ಕ್ರಿಯಾಪದದ ಸಹಾಯವಿಲ್ಲದೆ ‘ಅಪ್’ ಒಂಟಿಯಾಗಿ ನಿಂತಾಗ ಜರುಗಿಸುವುದೂ ತೆಗೆಯುವುದೂ ಆಗುವುದಿಲ್ಲ. ಆಗ ವಿರುದ್ಧಪದ ಕೇಳಬೇಕು. ‘ಪ್ರೈಸಸ್ ಆರ್ ಅಪ್’ಗೆ ವಿರುದ್ಧ ‘ಡೌನ್’: ಬೆಲೆ ಏರಿದೆ. ‘ದ ಸರ್ವರ್ ಈಸ್ ಅಪ್’ಗೂ ‘ಡೌನ್’, ಆದರೆ ಇಲ್ಲಿ ಏರಿಳಿತವಿಲ್ಲ: ಸರ್ವರ್ ನಡೆಯುತ್ತಿದೆ. ‘ಈಸ್ ಹಿ ಅಪ್?’ ಎಂಬುದಕ್ಕೆ ವಿರುದ್ಧ ನಿದ್ದೆ, ಅಂದರೆ ‘ಎದ್ದಿದ್ದಾನಾ?’. ‘ಟೈಮ್ ಈಸ್ ಅಪ್’ಗೆ ‘ಡೌನ್’ ಇಲ್ಲವೇ ಇಲ್ಲ, ‘ಇನ್ನೂ ಸಮಯವಿದೆ’ ಎಂಬುದೇ ಅದರ ವಿರುದ್ಧ. ‘ದ ರೋಡ್ ಈಸ್ ಅಪ್’ ಬ್ರಿಟಿಷ್ ಬಳಕೆ: ರಸ್ತೆ ಅಗೆದಿದ್ದಾರೆ. ‘ಟೂ ಗೋಲ್ಸ್ ಅಪ್’ ಎಂದರೆ ಎರಡು ಗೋಲು ಮುಂದಿದ್ದಾರೆ. ‘ಅಪ್ ಫಾರ್ ಸೇಲ್’ ಎಂದರೆ ಮಾರಾಟಕ್ಕಿದೆ. ವಿರುದ್ಧಪದವಾಗಿ ‘ಡೌನ್’ ಬಂದರೆ ಮಾತ್ರ ಏರು, ಎತ್ತರ, ಮುಂದೆ ಎಂಬ ಪದಗಳ ಕಡೆ ಹೋಗಿ. ಬರದಿದ್ದರೆ ಆ ದಾರಿಯೇ ಬೇಡ.

ವಿರುದ್ಧಪದದ ವಿಷಯದಲ್ಲಿ ಇಂಗ್ಲಿಷ್ ತಮಾಷೆಯನ್ನೂ ಮಾಡುತ್ತದೆ. ‘ಸ್ಲೋ ಅಪ್’, ‘ಸ್ಲೋ ಡೌನ್’ ಎರಡೂ ನಿಧಾನವಾಗುವುದೇ. ‘ಬರ್ನ್ ಅಪ್’, ‘ಬರ್ನ್ ಡೌನ್’ ಮಾತ್ರ ಒಂದೇ ಅಲ್ಲ. ಕಾಗದ ‘ಬರ್ನ್ ಅಪ್’ ಆಗುತ್ತದೆ, ಏನೂ ಉಳಿಯದೆ ಸುಟ್ಟುಹೋಗುತ್ತದೆ. ‘ಬರ್ನ್ ಡೌನ್’ ಎನ್ನಲು ಅದು ನಿಂತಿರುವ ಕಟ್ಟಡದಂಥದ್ದಾಗಿ, ಸುಟ್ಟು ನೆಲಸಮವಾಗಬೇಕು. ಅರ್ಜಿಯನ್ನು ‘ಫಿಲ್ ಇನ್’ ಅಥವಾ ‘ಫಿಲ್ ಔಟ್’ ಮಾಡುತ್ತಾರೆ, ಟ್ಯಾಂಕನ್ನು ‘ಫಿಲ್ ಅಪ್’ ಮಾಡುತ್ತಾರೆ. ನಾವು ಎಲ್ಲವನ್ನೂ ‘ತುಂಬು’ ಎನ್ನುವುದರಿಂದ ಇಂಗ್ಲಿಷಿನಲ್ಲೂ ಅರ್ಜಿಗೆ ‘ಫಿಲ್ ಅಪ್’ ಬರೆಯುವ ರೂಢಿ ಬಿದ್ದಿದೆ. ಅರ್ಥವಾಗುತ್ತದೆ, ಆದರೆ ಕಲಿಯುವವರಿಗೆ ‘ಫಿಲ್ ಇನ್’ ಹೇಳಿಕೊಡುವುದೇ ಲೇಸು. ‘ವಾಶ್ ಅಪ್’ ಬ್ರಿಟನ್ನಿನಲ್ಲಿ ಪಾತ್ರೆ ತೊಳೆಯುವುದು, ಅಮೆರಿಕದಲ್ಲಿ ಕೈಕಾಲು ಮುಖ ತೊಳೆದುಕೊಳ್ಳುವುದು. ಬರೆದವರು ಯಾವ ದೇಶದವರು ಎಂದು ನೋಡದೆ ಇದನ್ನು ಅನುವಾದಿಸಬಾರದು.

ಹೆಚ್ಚಾಗುವುದು (‘ಸ್ಪೀಡ್ ಅಪ್’, ‘ಸ್ಪೀಕ್ ಅಪ್’), ಹತ್ತಿರ ಬರುವುದು (‘ಕೇಮ್ ಅಪ್ ಟು ಮಿ’), ಎದುರಿಗೆ ಕಾಣಿಸಿಕೊಳ್ಳುವುದು (‘ಟರ್ನ್ ಅಪ್’, ‘ಶೋ ಅಪ್’) ಈ ಮೂರು ಕೆಲಸಗಳಲ್ಲಿ ತೊಡಕಿಲ್ಲ. ಮೂರಕ್ಕೂ ಕನ್ನಡದಲ್ಲಿ ನೇರ ಪದಗಳಿವೆ.

ಒಂದೇ ಜೋಡಿಗೆ ಹಲವು ಅರ್ಥ ಇರುವಲ್ಲಿ ಕರ್ಮವನ್ನು ನೋಡಿದರೆ ಸಾಕಾಗುತ್ತದೆ. ‘ಬ್ಲೋ ಅಪ್’ ಮುಂದೆ ಬಲೂನ್ ಇದ್ದರೆ ಊದು, ಸೇತುವೆ ಇದ್ದರೆ ಸ್ಫೋಟಿಸು, ಫೋಟೋ ಇದ್ದರೆ ದೊಡ್ಡದು ಮಾಡು, ಏನೂ ಇಲ್ಲದೆ ಮನುಷ್ಯನೇ ಕರ್ತೃವಾಗಿದ್ದರೆ ರೇಗು. ‘ಬ್ರಿಂಗ್ ಅಪ್’ ಮುಂದೆ ಮಗು ಬಂದರೆ ಸಾಕಿ ಬೆಳೆಸು, ವಿಷಯ ಬಂದರೆ ಪ್ರಸ್ತಾಪಿಸು, ಊಟ ಬಂದರೆ ವಾಂತಿ. ‘ಹೋಲ್ಡ್ ಅಪ್’ಗೆ ಬ್ಯಾಂಕ್ ಸಿಕ್ಕರೆ ದರೋಡೆ, ವಾಹನ ಸಂಚಾರ ಸಿಕ್ಕರೆ ತಡ, ಚಾವಣಿ ಸಿಕ್ಕರೆ ಆಧಾರ. ಇವುಗಳಲ್ಲೆಲ್ಲ ದೊಡ್ಡಣ್ಣ ‘ಮೇಕ್ ಅಪ್’: ಕಥೆಯನ್ನು ಕಟ್ಟುವುದು, ಮುಖಕ್ಕೆ ಬಣ್ಣ ಹಚ್ಚುವುದು, ಹಾಸಿಗೆಯನ್ನು ಅಣಿ ಮಾಡುವುದು, ‘ಮೈಂಡ್’ ಬಂದರೆ ತೀರ್ಮಾನಿಸುವುದು, ‘ಫಾರ್’ ಸೇರಿದರೆ ನಷ್ಟ ತುಂಬಿಕೊಡುವುದು, ಜಗಳದ ನಂತರ ಬಂದರೆ ರಾಜಿಯಾಗುವುದು. ಹಾಗಾಗಿ ಚೀಟಿ ಮಾಡಿ ಕಲಿಯುವವರಿಗೆ ನಾನು ಹೇಳುವುದು ಒಂದೇ: ‘ಮೇಕ್ ಅಪ್’ ಎಂದಷ್ಟೇ ಬರೆದು ಎದುರಿಗೆ ಆರು ಅರ್ಥ ಬರೆಯಬೇಡಿ. ಕರ್ಮ ಸಮೇತ ಇಡೀ ವಾಕ್ಯ ಬರೆಯಿರಿ, ಒಂದು ಅರ್ಥಕ್ಕೆ ಒಂದು ಚೀಟಿ. ಚೀಟಿಯ ಹಿಂಬದಿಯಲ್ಲಿ ಕನ್ನಡದ ಕ್ರಿಯೆಯನ್ನು ಬಾಲದೊಂದಿಗೆ, ಅದರ ಕೆಳಗೆ ಸರ್ವನಾಮ ಹಾಕಿದ ಇಂಗ್ಲಿಷ್ ರೂಪವನ್ನು ಬರೆಯಿರಿ. ಸರ್ವನಾಮದ ಸಾಲು ಬರೆಯದವರೇ ಮುಂದೆ ‘ಪಿಕ್ ಅಪ್ ಇಟ್’ ಎನ್ನುವುದು. ಇನ್ನೊಂದು ಎಚ್ಚರಿಕೆ, ಬರಹದಲ್ಲಿ ಒಂದೇ ಆಗಿ ಕಾಣುವ ‘ಟೇರ್ ಅಪ್’ ಮತ್ತು ‘ಟಿಯರ್ ಅಪ್’. ಮೊದಲನೆಯದು ಹರಿದುಹಾಕುವುದು, ಎರಡನೆಯದು ಕಣ್ಣಲ್ಲಿ ನೀರು ತುಂಬುವುದು. ಕಾಗುಣಿತ ಒಂದೇ ಆದ್ದರಿಂದ ಚೀಟಿಯಲ್ಲಿ ಉಚ್ಚಾರಣೆಯನ್ನೂ ಕನ್ನಡ ಲಿಪಿಯಲ್ಲಿ ಬರೆದಿಡಬೇಕು.

‘ಅಪ್ ಟು’ ಬಂದರೆ ಅದರ ಹಿಂದುಮುಂದು ನೋಡಬೇಕು. ಮುಂದೆ ಅಂಕಿ ಇದ್ದರೆ ‘ವರೆಗೆ’, ಜಾಹೀರಾತಿನಲ್ಲಾದರೆ ‘ಗರಿಷ್ಠ’ ಎಂದು ಬರೆಯುವುದು ಪ್ರಾಮಾಣಿಕ ಅನುವಾದ. 50 ಶೇಕಡಾ ‘ವರೆಗೆ’ ರಿಯಾಯಿತಿ ಎಂದರೆ ಓದುವವರು 50 ಅಂತಲೇ ನೆನಪಿಟ್ಟುಕೊಳ್ಳುತ್ತಾರೆ. ಕರಾರುಪತ್ರಗಳಲ್ಲಿ ‘ಅಪ್ ಟು 31 ಮಾರ್ಚ್’ ಎಂದರೆ 31 ಸೇರಿತೋ ಇಲ್ಲವೋ ಎಂಬ ತಕರಾರು ಬರಬಹುದು. ಅದಕ್ಕೇ ವಕೀಲರು ‘ಅಪ್ ಟು ಅಂಡ್ ಇನ್‌ಕ್ಲೂಡಿಂಗ್’ ಎಂದು ಬರೆಯುವುದು. ಕನ್ನಡದ ‘ವರೆಗೆ’ಯಲ್ಲೂ ಅದೇ ಇಬ್ಬಂದಿ ಇರುವುದರಿಂದ ‘31ನೇ ತಾರೀಖೂ ಸೇರಿದಂತೆ’ ಎಂದು ಬರೆದುಬಿಡಿ. ‘ಇಟ್ಸ್ ಅಪ್ ಟು ಯು’ ಅಂದರೆ ನಿಮಗೆ ಬಿಟ್ಟದ್ದು. ‘ಅಪ್ ಟು ದ ಜಾಬ್’ ಅಂದರೆ ಆ ಕೆಲಸಕ್ಕೆ ತಕ್ಕವನು. ‘ವಾಟ್ ಆರ್ ಯು ಅಪ್ ಟು?’ ಎಂಬುದರಲ್ಲಿ ಸಣ್ಣ ಅನುಮಾನ ಬೆರೆತಿರುವುದುಂಟು: ಏನು ನಡೆಸಿದ್ದೀಯ?

ದಿಕ್ಕಿನ ‘ಅಪ್’ ಕೂಡ ಯಾವಾಗಲೂ ಎತ್ತರವನ್ನು ನಂಬುವುದಿಲ್ಲ. ಬ್ರಿಟನ್ನಿನ ರೈಲುಗಳಲ್ಲಿ ಸಾಮಾನ್ಯವಾಗಿ ಲಂಡನ್ ಕಡೆಗೆ ಹೋಗುವುದು ‘ಅಪ್’ ಹಳಿ, ಅದು ಉತ್ತರದಿಂದ ದಕ್ಷಿಣಕ್ಕೆ ಇಳಿದು ಬಂದರೂ ಸರಿ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗೆ ಓದಲು ಹೋಗುವವರು ‘ಗೋ ಅಪ್’, ಅಲ್ಲಿಂದ ಹೊರಹಾಕಿಸಿಕೊಂಡವರು ‘ಸೆಂಟ್ ಡೌನ್’. ಸಭೆಯನ್ನು ‘ಮೂವ್ ಅಪ್’ ಮಾಡಿದರೆ ಹಿಂದಿನ ದಿನಕ್ಕೆ, ಅಂದರೆ ಬೇಗನೆ ಇಟ್ಟುಕೊಳ್ಳುವುದು. ಕನ್ನಡದಲ್ಲಿ ‘ಮುಂದಕ್ಕೆ ಹಾಕಿದರು’ ಎಂದು ಬರೆದರೆ ನೇರವಾಗಿ ಉಲ್ಟಾ ಅರ್ಥ. ‘ನಿಗದಿಗಿಂತ ಮೊದಲೇ’ ಎಂದು ಬರೆಯಬೇಕು.

ಹಳೆಯ ಇಂಗ್ಲಿಷಿನಲ್ಲಿ ಚಲನೆಗೆ ‘ಉಪ್’, ಇರುವ ಜಾಗಕ್ಕೆ ‘ಉಪ್ಪೆ’ ಎಂಬ ಎರಡು ರೂಪಗಳಿದ್ದವು. ಇವು ಸೇರಿ ಇಂದಿನ ‘ಅಪ್’ ಆಯಿತು. ಜರ್ಮನ್ನಿನ ‘ಔಫ್’, ಡಚ್ಚಿನ ‘ಓಪ್’ ಇದರ ದಾಯಾದಿಗಳು. ‘ಓಪನ್’ ಪದದ ಬೇರೂ ಇದೇ, ಹಾಗಾಗಿ ‘ಓಪನ್ ಅಪ್’ ಎನ್ನುವವರು ಒಂದೇ ಬೇರನ್ನು ಎರಡು ಸಲ ಹೇಳುತ್ತಿರುತ್ತಾರೆ. ‘ಅಪ್‌ಸೆಟ್’ ಮೊದಲು ‘ಎತ್ತಿ ನಿಲ್ಲಿಸು’ ಎಂಬ ಅರ್ಥದಲ್ಲಿತ್ತು, ಕಾಲಕ್ರಮದಲ್ಲಿ ‘ಮಗುಚು’ ಎಂದಾಗಿ, ಈಗ ಮನಸ್ಸು ಕೆಡುವುದಕ್ಕೂ ಬಂದಿದೆ.

ಕೊನೆಗೆ, ನಾವೇ ಎರವಲು ತಂದು ಕೆಡಿಸಿಕೊಂಡಿರುವ ಒಂದು ಗುಂಪಿದೆ: ಬ್ಯಾಕಪ್, ಸೆಟಪ್, ಚೆಕಪ್, ಪಿಕಪ್, ಮೇಕಪ್. ಕನ್ನಡಕ್ಕೆ ಇವು ಬಂದದ್ದು ನಾಮಪದಗಳಾಗಿ, ಹಿಂದೆ ‘ಮಾಡು’ ಸೇರಿಸಿ ಕ್ರಿಯೆ ಮಾಡಿಕೊಂಡೆವು. ಕನ್ನಡದೊಳಗೆ ಅದರಲ್ಲಿ ತಪ್ಪೇನಿಲ್ಲ. ಇಂಗ್ಲಿಷ್ ಬರೆಯುವಾಗ ಅದೇ ಕೂಡಿದ ರೂಪ ಕ್ರಿಯಾಪದದ ಜಾಗಕ್ಕೆ ನುಸುಳುತ್ತದೆ, ಮುಂದೆ ‘ಬ್ಯಾಕಪ್ಡ್’ ಎಂಬ ಭೂತಕಾಲವೂ ಹುಟ್ಟುತ್ತದೆ. ನಾಮಪದವಾದರೆ ಕೂಡಿಸಿ ಬರೆದು ಒತ್ತನ್ನು ಮೊದಲ ಭಾಗಕ್ಕೆ ಹಾಕಬೇಕು. ಕ್ರಿಯಾಪದವಾದರೆ ಎರಡು ಪದವಾಗಿ ಬಿಡಿಸಿ ಬರೆದು ಒತ್ತನ್ನು ‘ಅಪ್’ಗೆ ಹಾಕಬೇಕು. ಭೂತಕಾಲದ ಗುರುತು ಮೊದಲ ಪದಕ್ಕೆ ಹತ್ತುತ್ತದೆ: ‘ಬ್ಯಾಕ್ಡ್ ಅಪ್’. ಪರೀಕ್ಷೆ ಮತ್ತೆ ಆ ಸರ್ವನಾಮವೇ. ನಡುವೆ ‘ಇಟ್’ ತೂರಿಸಲು ಬಂದರೆ ಅದು ಕ್ರಿಯಾಪದ, ಬಿಡಿಸಿ ಬರೆಯಿರಿ. ‘ಕೋಪ್ ಅಪ್ ವಿತ್’ ಎಂಬುದನ್ನಂತೂ ಎಲ್ಲಿ ಕಂಡರೂ ‘ಅಪ್’ ಹೊಡೆದುಹಾಕಿ. ಅದು ‘ಕೀಪ್ ಅಪ್ ವಿತ್’, ‘ಪುಟ್ ಅಪ್ ವಿತ್’ಗಳ ಸಹವಾಸದಿಂದ ಅಂಟಿಕೊಂಡದ್ದು. ಸರಿಯಾದ ರೂಪ ‘ಕೋಪ್ ವಿತ್’ ಮಾತ್ರ.